ಗೌರಿ ಊಳಿಟ್ಟರೇ ರಿಪೇರಿ ಮುಗಿದಂತೆ

ಗೆಳೆಯರೇ, ನಮ್ಮೂರ ಮಠದ ನಾಯಿ ಗೌರಿಯ ಕಿವಿ ಎಂಥದ್ದೋ ನನಗಂತೂ ತಿಳಿಯದು. ಪೂಜೆಗೆ ಕರೆಂಟಿನ ನಗಾರಿ, ಗಂಟೆಗಳು ಶುರುವಾದರೆ ತಲೆಯೆತ್ತಿ ಊಳಿಡುತ್ತಾಳೆ. ಇವತ್ತು ಆಂಧ್ರದ ಆದೋನಿಯ ಮೆಕ್ಯಾನಿಕ್ ಬಂದು, ಕೆಟ್ಟಿದ್ದ ಆ ಯಂತ್ರ ರಿಪೇರಿ ಮಾಡಿ ಸ್ವಿಚ್ ಹಾಕಿದ. ಮಠವೆಲ್ಲ ಗದ್ದಲ. ಗೌರಿ ಮಾತ್ರ ಕದಲಲಿಲ್ಲ.

“ಇನ್ನಾ ಸರಿ ಆಗಿಲ್ಲಪ್ಪಾ, ಆಕಿ ಸುಮ್ನ ಕುಂತಾಳ” ಎಂದರು ಮಠದ ಅಜ್ಜನವರು.

“ಬಾಗುಂದಿ, ಚೊಲೋ ಐತಿ ಅಜ್ಜಾರ, ಎಲ್ಲಾ ಬಡೀತೈತಲ್ರಿ! ನಾಯಿ ಮಾತು ಕೇಳಿ ಮತ್ತ ಬಿಚ್ಚಬೇಕೇನು?” ಎಂದು ಅವನು ರೇಗಿದ.

ಸಿಡುಕುತ್ತಲೇ ಬಿಚ್ಚಿದ. ಕೆಲಸದ ನಡುವೆ ಸದ್ದಾಗದಿರಲೆಂದು ಸಣ್ಣ ಗಂಟೆಯ ನಾಲಿಗೆಗೆ ತಾನೇ ಸುತ್ತಿದ್ದ ಬಟ್ಟೆ ಅಲ್ಲೇ ಇತ್ತು! ಅದನ್ನು ತೆಗೆದು ಸ್ವಿಚ್ ಹಾಕಿದ್ದೇ ತಡ, ಗೌರಿ ಊಳಿಟ್ಟಳು.

ಹೊರಡುವಾಗ ಅಜ್ಜನವರ ಕಾಲಿಗೆ ಬಿದ್ದು ಮೆಲ್ಲಗೆ ಕೇಳಿದ: “ಈಕಿ ಮರಿ ಹಾಕಿದ್ರ ನಮ್ಮ ಅಂಗಡಿಗೊಂದು ಕೊಡ್ರಿ.”