ಖಾಲಿ ಡಬ್ಬಿ

ಮೇಡಂ ಕೈಚೀಲದಲ್ಲಿ ಸದಾ ಒಂದು ಖಾಲಿ ಸ್ಟೀಲ್ ಡಬ್ಬಿ ಇರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಜಯನಗರದ ಒಂದು ಮಹಡಿ ಕೋಣೆಯಲ್ಲಿ ಕೂತು, ವ್ಯಾಪಾರದಲ್ಲಿ ಒಮ್ಮೆ ಸೋತವರಿಗೆ ಮತ್ತೆ ಶುರುಮಾಡಲು ಅವರು ಸಲಹೆ ಕೊಡುತ್ತಿದ್ದರು. ನಾನು ಅಲ್ಲಿ ಟೈಪಿಸ್ಟ್. ಬಂದವರು ತಮ್ಮ ಭಯ ಹೇಳಿಕೊಂಡರೆ ಮೇಡಂ ಕನ್ನಡಕ ತೆಗೆದಿಟ್ಟು ಒಂದೇ ಮಾತು ಕೇಳುತ್ತಿದ್ದರು: "ಸರಿ, ಆಮೇಲೆ?"

ಸಾರಕ್ಕಿಯಲ್ಲಿ ಹೋಟೆಲ್ ನಡೆಸಿ ಮುಚ್ಚಿದ್ದ ಒಬ್ಬರು ಜರಗನಹಳ್ಳಿಯಲ್ಲಿ ಹೊಸದನ್ನು ಸಿದ್ಧಮಾಡಿದ್ದರು. ಆದರೆ ಮೂರು ದಿನದಿಂದ ಇಡ್ಲಿ ಹಿಟ್ಟು ರುಬ್ಬುವುದು, ಬೆಳಿಗ್ಗೆ ಷಟರ್ ಎತ್ತಲು ಧೈರ್ಯ ಸಾಲದೆ ಅದನ್ನು ಅಕ್ಕಪಕ್ಕದ ಮನೆಗಳಿಗೆ ಹಂಚುವುದು, ಇದೇ ಆಗಿತ್ತು.

"ಈ ಸಲಾನೂ ಯಾರೂ ಬರ್ಲಿಲ್ಲ ಅಂದ್ರೆ, ಮೇಡಂ?"

"ಸರಿ, ಆಮೇಲೆ?"

"ಜನ ನಗ್ತಾರೆ."

"ಆಮೇಲೆ?"

"ಆಮೇಲೇನು, ಹಿಟ್ಟು ಹಂಚ್ಬಿಟ್ಟು ಮನೆಗೆ ಹೋಗ್ತೀನಿ."

"ಈಗ್ಲೂ ಅದನ್ನೇ ತಾನೆ ಮಾಡ್ತಿರೋದು? ಇವತ್ತೂ ರುಬ್ಬಿ. ನಾಳೆ ತಿಂಡಿಗೆ ನಾನು ಬರ್ತೀನಿ."

ಮರುದಿನ ಬೆಳಿಗ್ಗೆ ಆರೂವರೆಗೆ ನಾವಿಬ್ಬರೂ ಹೋದಾಗ ಹೋಟೆಲಿನವರು ಮುಚ್ಚಿದ ಷಟರ್ ಮುಂದೆ ನಿಂತಿದ್ದರು. "ನೀವೇ ತೆಗೀರಿ ಮೇಡಂ," ಎಂದು ಬೀಗದ ಕೈ ಮುಂದೆ ಹಿಡಿದರು. ಮೇಡಂ ಅದನ್ನು ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತು, ಡಬ್ಬಿಯ ಮುಚ್ಚಳ ತೆಗೆದು, "ಆರು ಇಡ್ಲಿ. ಚಟ್ನಿ ಬೇರೆ ಕೊಡಿ," ಎಂದರು.