ಗಿಂಡಿಯಲ್ಲ, ಮಿಳ್ಳೆ

ಮೆಲ್ಬರ್ನಿನ ಅಂಚಿನ ಟಾರ್ನೀಟಿನಲ್ಲಿ ಆಗ ಮನೆಗಳಿಗಿಂತ ಬೇಲಿಗಳೇ ಹೆಚ್ಚಿದ್ದವು. ನಮ್ಮ ಬೀದಿಯ ಕೊನೆಗೆ ಟಾರು ಮುಗಿದು ಮುಳ್ಳುಗಿಡದ ಬಯಲು ಶುರುವಾಗುತ್ತಿತ್ತು. ರೈಲು ನಿಲ್ದಾಣ ಇನ್ನೂ ಬಂದಿರಲಿಲ್ಲ. ಇಂಡಿಯನ್ ಅಂಗಡಿ ಅಂತ ಇದ್ದದ್ದು ಒಂದೇ, ಅಲ್ಲಿ ಕರಿಬೇವು ಶುಕ್ರವಾರ ಬಂದರೆ ಶನಿವಾರ ಖಾಲಿ. ಈಗ ಅಲ್ಲಿ ಪಾರ್ಕಿಂಗ್ ಸಿಗದೆ ಬೈದುಕೊಳ್ಳುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ನಂಬದಿದ್ದರೆ ಬಿಡಲಿ. ನಾನು ಹೇಳಹೊರಟಿರುವುದು ನಮ್ಮಮ್ಮ ಒಂದು ಚಳಿಗಾಲದ ರಜೆಯಲ್ಲಿ, ಕಂಡವರ ವ್ಯಾನು ಓಡಿಸಿಕೊಂಡು ಸಿಡ್ನಿಗೆ ಹೋಗಿ ಅಪ್ಪನನ್ನು ಮನೆಗೆ ಕರೆತಂದ ವಿಷಯ. ನನಗಾಗ ಹನ್ನೊಂದು ವರ್ಷ, ತಮ್ಮ ಚಿನ್ನುವಿಗೆ ಆರು.

ಅಪ್ಪನ ಕೆಲಸ ಆ ವರ್ಷ ಸಿಡ್ನಿಯಲ್ಲಿತ್ತು. ನಮ್ಮ ಶಾಲೆ, ಮನೆ, ಮಾರ್ಟ್‌ಗೇಜು ಎಲ್ಲ ಮೆಲ್ಬರ್ನಿನಲ್ಲಿ. ಜುಲೈ ಮಳೆಯಲ್ಲಿ ಯಾವುದೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ, ತೊಡೆಯಿಂದ ಪಾದದವರೆಗೆ ಮಡಿಸಲಾಗದಂತೆ ಪಟ್ಟಿ ಬಿಗಿದು, ವಿಮಾನ ಹತ್ತಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ಮನೆಯೆಂದರೆ ಇನ್ನಿಬ್ಬರು ಹುಡುಗರ ಜೊತೆ ಅವರು ಬಾಡಿಗೆಗಿದ್ದ ಒಂದು ಕೋಣೆ. ನಮ್ಮ ಪುಟ್ಟ ಕಾರಿನಲ್ಲಿ ಕರೆತರೋಣವೆಂದರೆ ಆ ಕಾಲಿಗೆ ಜಾಗವಿಲ್ಲ.

"ಆರು ವಾರ ತಾನೆ ಸುಧಾ, ಕಳೆದುಹೋಗತ್ತೆ" ಎಂದರು ಅಪ್ಪ ಫೋನಿನಲ್ಲಿ.

"ಮಧ್ಯಾಹ್ನ ಏನು ತಿಂದ್ರಿ?" ಅಮ್ಮ ಕೇಳಿದಳು.

"ಬ್ರೆಡ್ಡು."

"ನಿನ್ನೆ?"

ಅಪ್ಪ ಮಾತು ಬದಲಾಯಿಸಿದರು. ಅಮ್ಮ ಫೋನಿಟ್ಟು, ಕುಕ್ಕರಿನ ಮುಚ್ಚಳ ತೆಗೆದು, ಅನ್ನದ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಕರ್ಕೊಂಡು ಬರೋಣ" ಎಂದಳು. ನಮ್ಮಮ್ಮನದು ಹಿಡಿದ ಪಟ್ಟು ಬಿಡುವ ಜಾತಿಯಲ್ಲ. ಮೈಸೂರಿನಲ್ಲಿ ಸ್ಕೂಟರ್ ಓಡಿಸಿ ಊರೆಲ್ಲ ಸುತ್ತಿದವಳು, ಆದರೆ ಇಲ್ಲಿ ಅಂಗಡಿ ಮತ್ತು ಶಾಲೆಯ ಆಚೆ ಕಾರು ಒಯ್ದವಳಲ್ಲ. ಹೈವೇ ಅಂದರೆ ಅವಳಿಗೆ ಅಪ್ಪನ ಪಕ್ಕದ ಸೀಟು.

ವ್ಯಾನು ನಮ್ಮ ಪ್ರಭಾಕರ ಅಂಕಲ್‌ದು. ಯುಗಾದಿ, ಗಣೇಶ ಅಂತ ಕನ್ನಡದವರು ಎಲ್ಲಿ ಸೇರಿದರೂ ಅಡುಗೆಯ ದೊಡ್ಡ ಪಾತ್ರೆಗಳೆಲ್ಲ ಅದರಲ್ಲೇ ಬರುತ್ತಿದ್ದವು. ಬಾಗಿಲು ತೆಗೆದರೆ ಬಿಸಿಬೇಳೆಬಾತಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಜಪಾನಿನಲ್ಲಿ ಓಡಿ ಹಳತಾಗಿ ಇಲ್ಲಿಗೆ ಬಂದದ್ದು. ಮಧ್ಯದ ಸೀಟಿಗೆ ಕಾಲು ಚಾಚುವ ಹಲಗೆಯಿತ್ತು. ನಮಗೆ ಬೇಕಾದದ್ದು ಆ ಹಲಗೆ. ಅಂಕಲ್‌ಗೆ ಬೆನ್ನುನೋವು, ಅಷ್ಟು ದೂರ ಕೂರಲಾರರು.

"ಇದು ಕಾರಲ್ಲ ಸುಧಾ ಅವರೇ. ಹಿಂದೆ ಏನೂ ಕಾಣಲ್ಲ. ಅದರ ಮೇಲೆ ಎಲ್ಲಾ ಜಪಾನೀಸು" ಎಂದು ಅವರು ತಲೆ ಕೆರೆದುಕೊಂಡರು. "ಎರಡು ವಾರ ತಡೀರಿ, ಯಾರಾದ್ರೂ ಫ್ರೀ ಆಗ್ತಾರೆ."

"ಕಲೀತೀನಿ. ಕೀ ಕೊಡಿ" ಎಂದಳು ಅಮ್ಮ.

"ಕೆಂಪು ಲೈಟ್ ಬಂದ್ರೆ ಮಾತ್ರ ನನಗೊಂದು ಫೋನ್ ಮಾಡಿ" ಎಂದು ಕೀಲಿ ಕೊಟ್ಟರು ಪಾಪ.

ಶಾಲೆಗೆ ರಜೆ. ನಮ್ಮ ಡ್ರೈವ್‌ವೇಯೇ ಪಾಠಶಾಲೆಯಾಯಿತು. ಮೊದಲು ಕನ್ನಡಿಗಳು. ಅಮ್ಮ ಸ್ಟಿಯರಿಂಗ್ ಹಿಡಿದು ಕೂತಳು, ನಾನು ಕೆಂಪು ಪ್ಲಾಸ್ಟಿಕ್ ಬಕೆಟ್ ತಲೆಯ ಮೇಲಿಟ್ಟುಕೊಂಡು ವ್ಯಾನಿನ ಸುತ್ತ ಪ್ರದಕ್ಷಿಣೆ ಹಾಕಿದೆ. "ಇದೀಯ... ಇದೀಯ... ಮಾಯ" ಎಂದು ಅಮ್ಮ ಕೂಗುತ್ತಿದ್ದಳು. ಎಡಗಡೆ ಹಿಂದಿನ ಚಕ್ರದ ಹತ್ತಿರ ನಾನು ಯಾವ ಕನ್ನಡಿಯಲ್ಲೂ ಕಾಣುತ್ತಿರಲಿಲ್ಲ. ಅಮ್ಮ ಇಳಿದು ಬಂದು, ನಾನು ಮಾಯವಾದ ಜಾಗಕ್ಕೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದಳು. ಬಲಗಡೆಯೂ ಅಂಥದೊಂದು ತುಂಡು ಜಾಗ ಸಿಕ್ಕಿತು. ಎದುರುಮನೆಯ ಆಸ್ಟ್ರೇಲಿಯನ್ ಅಜ್ಜಿ ಇವತ್ತು ಏನು ಹಬ್ಬ ಎಂದು ಕೇಳಿಕೊಂಡು ಹೋದಳು. ಚಿನ್ನು ಆ ಗೆರೆಯೊಳಗೆ ಕೂತು, "ಐ ಆಮ್ ಇನ್ವಿಸಿಬಲ್" ಎಂದು ಅಲ್ಲಿಂದ ಏಳಲಿಲ್ಲ. ಮುಂದಿನ ಎಡ ಮೂಲೆಯಲ್ಲಿ ಗುಂಡಗೆ ಒಂದು ಪುಟ್ಟ ಕನ್ನಡಿ ಬೇರೆ ಇತ್ತು. ಸೊಪ್ಪಿನವಳು ಕೊನೆಗೆ ಒಂದು ಹಿಡಿ ಕೊಸರು ಹಾಕುತ್ತಾಳಲ್ಲ, ಹಾಗೆ ಕೊಟ್ಟದ್ದೆಂದು ಅದಕ್ಕೆ ಕೊಸರು ಕನ್ನಡಿ ಎಂದು ಹೆಸರಾಯಿತು.

ಹಾಗೆ ಹೆಸರಿಡುವುದೇ ನಮ್ಮ ಆಟವಾಯಿತು. ಬರಹವೆಲ್ಲ ಜಪಾನೀ, ಚಿತ್ರಗಳನ್ನಷ್ಟೇ ಓದಬಹುದಿತ್ತು. ಕೀಲಿ ತಿರುಗಿಸಿದರೆ ಮುಂದಿನ ಫಲಕದಲ್ಲಿ ದೀಪಗಳೆಲ್ಲ ಒಮ್ಮೆ ಹತ್ತಿ ಆರುತ್ತವೆ. ಅಷ್ಟರೊಳಗೆ ನಾನು ಮತ್ತು ಅಮ್ಮ ಗುರುತು ಹಿಡಿಯಬೇಕು. ಬ್ಯಾಟರಿಯದು ಟ್ರಂಕು. ಎಂಜಿನ್ನಿನ ಬಿಸಿಯದು ನೀರಿಗೆ ಬಿದ್ದ ಬೀಗದ ಕೈ. ಉದ್ದ ಮೂತಿಯ ಪಾತ್ರೆಯೊಂದಿತ್ತು, ಅದು ಗಿಂಡಿ. "ನೀರು ಮುಗಿದಾಗ ಬರೋದು ಅದು. ಗಾಜು ಒರೆಸೋಕೆ ಚಿಮ್ಮತ್ತಲ್ಲ, ಆ ನೀರು" ಎಂದು ಅಮ್ಮ ತೀರ್ಪು ಕೊಟ್ಟಳು. ಗಿಂಡಿಯಲ್ಲಿ ನೀರಲ್ಲದೆ ಇನ್ನೇನಿರುತ್ತದೆ, ನಾನೂ ಒಪ್ಪಿದೆ. ಏಸಿಯ ಗುಂಡಿಗಳ ಸಾಲಿನಲ್ಲಿ ಮೂರು ಹಬೆಯ ಎಳೆಗಳು ಮೇಲೇಳುವ ಚಿತ್ರವಿತ್ತು. ಇಡ್ಲಿ ಪಾತ್ರೆ. "ಗಾಜಿಗೆ ಹಬೆ ಬರಿಸೋ ಗುಂಡಿ ಯಾಕಿಟ್ಟಿದ್ದಾರೋ ಪುಣ್ಯಾತ್ಮರು. ಇದನ್ನ ಮಾತ್ರ ಮುಟ್ಟಬೇಡ" ಎಂದಳು. ಪ್ರತಿ ಸಲ ವ್ಯಾನು ಚಾಲೂ ಆದಾಗ ಒಂದು ಹೆಣ್ಣು ದನಿ ಜಪಾನಿಯಲ್ಲಿ ಏನೋ ವಿನಯವಾಗಿ ಹೇಳುತ್ತಿತ್ತು. ಅಮ್ಮ ಅದಕ್ಕೆ "ಆಯ್ತಮ್ಮ" ಎನ್ನುತ್ತಿದ್ದಳು.

ಹೊರಟ ದಿನ ಬೆಳಗ್ಗೆ ಚಪಾತಿ, ಚಟ್ನಿಪುಡಿ, ಡಬ್ಬಿ ತುಂಬ ಪುಳಿಯೋಗರೆ. ಮುಂದಿನ ಸೀಟು ನನಗೆ, ಎಡಗನ್ನಡಿ ನನ್ನ ಜವಾಬ್ದಾರಿ. ಅಮ್ಮ "ಎಡಗಡೆ?" ಅಂದಾಗ ನಾನು ತಿರುಗಿ ನೋಡಿ "ಖಾಲಿ" ಎಂದೋ "ತಡಿ" ಎಂದೋ ಹೇಳಬೇಕು. ಅಷ್ಟು ದೊಡ್ಡ ಕೆಲಸ ಅದಕ್ಕೂ ಮೊದಲು ನನಗೆ ಯಾರೂ ಕೊಟ್ಟಿರಲಿಲ್ಲ. ಲಾರಿಗಳು ಪಕ್ಕದಲ್ಲಿ ಹಾದರೆ ವ್ಯಾನು ನಡುಗುತ್ತಿತ್ತು. ಅಮ್ಮನ ತುಟಿ ಅಲುಗುತ್ತಿತ್ತು, ವಿಷ್ಣು ಸಹಸ್ರನಾಮವೋ ಬೈಗುಳವೋ ಗೊತ್ತಾಗಲಿಲ್ಲ.

ಸಿಡ್ನಿಗೆ ಇನ್ನೆರಡು ಗಂಟೆಯ ದಾರಿಯಿರುವಾಗ, ಗೌಲ್ಬರ್ನ್ ಹತ್ತಿರ ಕೈಕಾಲು ಆಡಿಸಲು ಇಳಿದಾಗ ಮಳೆ ಹಿಡಿಯಿತು. ಒಳಗೆ ನಮ್ಮ ಒದ್ದೆ ಜಾಕೆಟ್ಟುಗಳು, ಮೂವರ ಉಸಿರು, ಜೊತೆಗೆ ಬೆಚ್ಚಗಿನ ಗಾಳಿ. ನೋಡನೋಡುತ್ತ ಮುಂದಿನ ಗಾಜು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಅಮ್ಮ ದುಪಟ್ಟಾದಲ್ಲಿ ಒರೆಸಿದಳು, ಒರೆಸಿದಷ್ಟೂ ಬಂತು. ವೇಗ ಇಳಿಸಿದಳು, ಹಿಂದೆ ಯಾರೋ ಹಾರ್ನ್ ಬಾರಿಸಿದರು. ಬೇರೆಲ್ಲ ಗುಂಡಿ ಒತ್ತಿಯಾಗಿತ್ತು, ಉಳಿದದ್ದು ಇಡ್ಲಿ ಪಾತ್ರೆ.

"ಅದನ್ನ ಮುಟ್ಟಬೇಡ ಅಂದೆನಲ್ಲೇ" ಎಂದು ಅಮ್ಮ ಹೇಳುವುದರೊಳಗೆ ಒತ್ತಿಬಿಟ್ಟೆ. ಗಾಳಿ ಭುಸ್ಸೆಂದು ಗಾಜಿಗೆ ಹೊಡೆದು, ಕೆಳಗಿನಿಂದ ಮೇಲಕ್ಕೆ ರಸ್ತೆ ಕಾಣತೊಡಗಿತು.

ಅಮ್ಮ ಮತ್ತೆ ವೇಗ ಹಿಡಿದಳು. ಆಮೇಲೆ, "ಅದು ಕಾಯಿಲೆ ಚಿತ್ರ ಅಲ್ಲ, ಮದ್ದಿನ ಚಿತ್ರ. ನಾನೇ ತಪ್ಪು ಓದಿದೆ" ಎಂದಳು.

ಸಿಡ್ನಿಯ ಕೋಣೆಯಲ್ಲಿ ಅಪ್ಪ ಗಡ್ಡ ಬಿಟ್ಟುಕೊಂಡು, ಕಾಲನ್ನು ಎರಡು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದರು. ನಮ್ಮನ್ನು ನೋಡಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು. ಅಮ್ಮ ನೇರ ಅಡುಗೆಮನೆಗೆ ಹೋಗಿ ತಿಳಿಸಾರಿಗೆ ಒಗ್ಗರಣೆ ಹಾಕಿದಳು. ಇಂಗಿನ ವಾಸನೆಗೆ ಜೊತೆಗಿದ್ದ ಇಬ್ಬರೂ ಹುಡುಗರು ತಟ್ಟೆ ಹಿಡಿದು ಬಂದು ನಿಂತರು.

ಮರುದಿನ ಆ ಹುಡುಗರೇ ಅಪ್ಪನನ್ನು ಎತ್ತಿ ಮಧ್ಯದ ಸೀಟಿನಲ್ಲಿ ಕೂರಿಸಿದರು. ಕಾಲು ಹಲಗೆಯ ಮೇಲೆ ಸರಿಯಾಗಿ ಕೂತಿತು. ನೋವಿನ ಮಾತ್ರೆ ನುಂಗಿ ಅವರು ನಿದ್ದೆಗೆ ಜಾರುತ್ತ ಏಳುತ್ತ ಇದ್ದರು. ರಸ್ತೆಯಲ್ಲಿ ಚಿಕ್ಕ ಹಳ್ಳ ಬಂದರೂ ಹಿಂದಿನಿಂದ ಹಲ್ಲು ಕಚ್ಚಿದ ಸದ್ದು ಬರುತ್ತಿತ್ತು. ಅರ್ಧ ದಾರಿ ದಾಟಿದ ಮೇಲೆ ಸಿಗುವ ಆಲ್ಬರಿಯಲ್ಲಿ ರಾತ್ರಿ ಉಳಿಯುವುದೆಂದು ಮೋಟೆಲ್ ಬುಕ್ ಮಾಡಿಯಾಗಿತ್ತು.

ಅದಕ್ಕೂ ಮೊದಲು ಸಿಗುವ ಗಂಡಗಾಯ್ ಎಂಬ ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಒಂದು ತಿರುವಿನಲ್ಲಿ ಫಲಕದ ಮೇಲೆ ಕೆಂಪಗೆ ಏನೋ ಮಿನುಗಿ ಆರಿತು. ಮತ್ತೊಂದು ತಿರುವು, ಮತ್ತೆ ಮಿನುಗಿತು.

"ಅಮ್ಮ, ಗಿಂಡಿ" ಎಂದೆ.

"ನೀರು ತಾನೆ, ಮುಂದಿನ ಊರಲ್ಲಿ ತುಂಬಿಸೋಣ. ಅಪ್ಪ ಈಗ ಮಲಗಿದ್ದಾರೆ."

ಏರು ಹತ್ತುವಾಗ ಗಿಂಡಿ ಪೂರ್ತಿ ಹತ್ತಿಕೊಂಡಿತು, ಆರಲಿಲ್ಲ. ಅಮ್ಮ ರಸ್ತೆ ನೋಡಿದಳು, ದೀಪ ನೋಡಿದಳು. ಅವಳ ಹುಬ್ಬು ಗಂಟಾಯಿತು.

"ಮೇಧಾ, ಸರಿಯಾಗಿ ನೋಡಿ ಹೇಳು. ಗಿಂಡಿ ಮೂತಿಯಲ್ಲಿ ನೀರು ಹೇಗೆ ಬೀಳ್ತಿದೆ?"

ಬಗ್ಗಿ ನೋಡಿದೆ. "ಧಾರೆ ಇಲ್ಲಮ್ಮ. ಒಂದೇ ಹನಿ."

"ಒಂದೇ ಹನಿನಾ?"

"ಒಂದೇ. ತುದಿಯಲ್ಲಿ."

"ನೀರಾದ್ರೆ ಧಾರೆಯಾಗಿ ಸುರಿಯತ್ತೆ ಕಣೇ. ಹನಿ ಹನಿ ಇಳಿಯೋದು ತುಪ್ಪ, ಎಣ್ಣೆ" ಎಂದವಳ ದನಿ ಬದಲಾಯಿತು. "ಅದು ಗಿಂಡಿಯಲ್ಲ, ಮಿಳ್ಳೆ. ಎಣ್ಣೆ ಮಿಳ್ಳೆ. ಎಡಗಡೆ?"

ಊಟಕ್ಕೆ ಕೂತವರಿಗೆ ತುಪ್ಪ ಬಡಿಸುವ ಆ ಚಿಕ್ಕ ಮೂತಿಯ ಪಾತ್ರೆ ನಮ್ಮ ಮನೆಯಲ್ಲೂ ಇತ್ತು. ನನಗೆ ಹೊಳೆಯಲಿಲ್ಲವಲ್ಲ ಎಂದು ಯೋಚಿಸಲೂ ಹೊತ್ತಿರಲಿಲ್ಲ. ತಿರುಗಿ ನೋಡಿದೆ. ದೂರದಲ್ಲಿ ಒಂದು ಲಾರಿ, ಪಕ್ಕದಲ್ಲಿ ಯಾರೂ ಇಲ್ಲ. "ಖಾಲಿ" ಎಂದೆ. ಅಮ್ಮ ರಸ್ತೆಯಂಚಿಗೆ ಇಳಿಸಿ ಎಂಜಿನ್ ಆರಿಸಿದಳು.

ಪ್ರಭಾಕರ ಅಂಕಲ್‌ಗೆ ಫೋನಾಯಿತು. ಅವರು ಹೇಳಿದಂತೆ ಮುಂದಿನ ಬಾನೆಟ್ ಎತ್ತಿ ಅಮ್ಮ ಎಣ್ಣೆಯ ಕಡ್ಡಿ ಎಳೆದು ನೋಡಿದಳು. ತುದಿ ಒಣಗಿತ್ತು. ಅವರೇ ಅಲ್ಲಿಂದ ರಸ್ತೆ ಸಹಾಯದವರಿಗೆ ಹೇಳಿದರು. ಕಾಯುವುದೊಂದೇ ಉಳಿದ ಕೆಲಸ. ಎಂಜಿನ್ ಇಲ್ಲದೆ ಒಳಗೆಲ್ಲ ಕೊರೆಯತೊಡಗಿತು. ಇದ್ದಬದ್ದ ಶಾಲು, ಜಾಕೆಟ್ಟು ಎಲ್ಲ ಅಪ್ಪನ ಕಾಲಿಗೆ ಹೊದಿಸಿದೆವು. ಅಮ್ಮ ಹಿಂದೆ ಹೋಗಿ ಬೆಳಗ್ಗೆ ಸಿಡ್ನಿಯಲ್ಲಿ ಮಾಡಿದ್ದ ಚಪಾತಿ ಎಲ್ಲರಿಗೂ ಸುರುಳಿ ಸುತ್ತಿ ಕೊಟ್ಟಳು.

"ನನ್ನಿಂದ ನಿಮಗೆಲ್ಲ ಎಷ್ಟು ತಾಪತ್ರಯ" ಎಂದರು ಅಪ್ಪ.

"ಚಪಾತಿ ಒಣಗತ್ತೆ, ತಿನ್ರೀ" ಎಂದಳು ಅಮ್ಮ.

"ಅಲ್ಲಿ ಇದ್ದುಬಿಡ್ತಿದ್ದೆ ನಾನು, ನಿಜವಾಗ್ಲೂ."

"ನೀವು ಇದ್ದುಬಿಡ್ತಿದ್ರಿ. ನಾನು ಬಿಡಬೇಕಲ್ಲ."

ಚಿನ್ನು ಅಷ್ಟು ಹೊತ್ತೂ ಇಂಗ್ಲಿಷಿನಲ್ಲಿ ಗೊಣಗುತ್ತಿದ್ದವನು, ಇದ್ದಕ್ಕಿದ್ದಂತೆ "ಅಪ್ಪ, ಇನ್ನೊಂದು ಚಪಾತಿ ಬೇಕಾ?" ಎಂದು ಕನ್ನಡದಲ್ಲಿ ಕೇಳಿದ. ಅಪ್ಪ ಹೊಟ್ಟೆ ತುಂಬಿದ್ದರೂ ಬೇಕು ಎಂದರು.

ಬಂದವನು ಎಣ್ಣೆ ಸುರಿದು, ಮುಂದಿನ ಊರಿನವರೆಗೆ ಹೀಗೇ ಓಡಿಸಿದ್ದರೆ ಎಂಜಿನ್ ಸುಟ್ಟೇಹೋಗುತ್ತಿತ್ತು ಎಂದ. ಅಮ್ಮ ಥ್ಯಾಂಕ್ಸ್ ಹೇಳಿ ಸೀಟಿಗೆ ಹತ್ತಿದಳು. ಜಪಾನೀ ದನಿ ಮಾತಾಡಿತು. ಅಮ್ಮ ಮಿಳ್ಳೆ ಹತ್ತಿ ಆರುವುದನ್ನೇ ನೋಡುತ್ತಿದ್ದಳು. ಮಾರನೆಯ ಮಧ್ಯಾಹ್ನ ಟಾರ್ನೀಟಿನ ನಮ್ಮ ಬೀದಿ ತಲುಪಿದೆವು. ಅಮ್ಮ ಮನೆಯ ಮುಂದೆ ವ್ಯಾನು ನಿಲ್ಲಿಸಿ, ಹಿಂದೆ ತಿರುಗಿ ಅಪ್ಪನನ್ನು ನೋಡಿ, "ಬಂದ್ವಿ ರೀ" ಎಂದಳು. ಅಷ್ಟು ಹೇಳಿ ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟಳು.

ಆ ಚಳಿಗಾಲವೆಲ್ಲ ಅಪ್ಪ ಸೋಫಾದ ಮೇಲೆ ಕಾಲು ಚಾಚಿ ಬಿಸಿ ಅನ್ನ ಉಂಡರು. ವಸಂತಕ್ಕೆ ನಡೆದಾಡಿದರು, ಮೆಲ್ಬರ್ನಿನಲ್ಲೇ ಕೆಲಸ ಹುಡುಕಿಕೊಂಡರು. ನಾವು ನಾಲ್ವರೂ ಒಂದೇ ಗಾಡಿಯಲ್ಲಿ ಅಷ್ಟು ದೂರ ಹೋದದ್ದು ಆಮೇಲೆ ಇಲ್ಲ. ಈಗ ನಾನಿರುವುದು ಮೆಲ್ಬರ್ನಿನ ಇನ್ನೊಂದು ಕಡೆಯ ಬಾಕ್ಸ್ ಹಿಲ್ಲಿನಲ್ಲಿ. ನನ್ನ ಕಾರು ಎಣ್ಣೆ ಕಡಿಮೆಯಾದರೆ ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ, ಪಕ್ಕದಲ್ಲಿ ಗಾಡಿ ಬಂದರೆ ಅದೇ ಕೂಗುತ್ತದೆ. ಅನುಕೂಲವೇ, ಇಲ್ಲವೆನ್ನುವುದಿಲ್ಲ. ಆದರೆ ಅದರಲ್ಲಿ ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ, ನನಗೆ ಅದು ಬೇಜಾರು.

ಹೋದ ವರ್ಷ ಅಪ್ಪ ತೀರಿಕೊಂಡರು. ಕಾಲಿನದಲ್ಲ, ಎದೆಯದು. ಆಸ್ಪತ್ರೆಯಲ್ಲೇ ಆಯಿತು. ಕಾಗದಪತ್ರ ಮುಗಿಸಿ ಅಮ್ಮನೂ ನಾನೂ ಕಾರ್ ಪಾರ್ಕಿಗೆ ಬಂದೆವು. ನಾನು ಓಡಿಸುತ್ತೇನೆಂದರೂ ಅವಳು ಕೀಲಿ ಕೊಡಲಿಲ್ಲ. ಸೀಟಿನಲ್ಲಿ ಕೂತಳು, ಬೆಲ್ಟು ಹಾಕಿಕೊಂಡಳು, ಎಂಜಿನ್ ಚಾಲೂ ಮಾಡಿ ಹಾಗೇ ಇದ್ದಳು. ಬೆಚ್ಚಗಿನ ಗಾಳಿ ಬರತೊಡಗಿತು. ಹಿಂದೆ ಯಾರೋ ನಮ್ಮ ಜಾಗಕ್ಕಾಗಿ ಕಾಯುತ್ತಿದ್ದರು. ಅಮ್ಮ ನನ್ನ ಕಡೆ ತಿರುಗದೆ ಹೇಳಿದಳು:

"ಸಿಡ್ನಿ ಆಗಿದ್ರೆ ಹೋಗಿ ಕರ್ಕೊಂಡು ಬರ್ತಿದ್ದೆ ಕಣೇ."