ತಿನ್ನೋರ್ ಯಾರು?

ಅಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಮಧುಗಿರಿ ಬಸ್ ನಿಲ್ದಾಣದ ಪಕ್ಕ, ಬೋರ್ಡೂ ಇಲ್ಲದ ಚಟ್ನಿಪುಡಿ ಅಂಗಡಿಯಲ್ಲಿ ಅದನ್ನು ನಡೆಸುತ್ತಿದ್ದ ಆಕೆ, ನಾನು ಮತ್ತು ಪಾವಗಡದ ಇಬ್ಬರು ಹೆಂಗಸರು ಇದ್ದೆವು. ಈಗ ಆ ಅಂಗಡಿ ಇಲ್ಲ. ಆಕೆ ಎಲ್ಲಿಗೆ ಹೋದಳೋ ತಿಳಿಯದು. ಅಲ್ಲಿಗೆ ಬಂದರೆ ನನ್ನ ನಡಿಗೆ ಇಂದಿಗೂ ನಿಧಾನವಾಗುತ್ತದೆ.

ಯಾರೇ ಬರಲಿ, ಆಕೆ ಸೆರಗಿಗೆ ಕೈ ಒರೆಸಿಕೊಂಡು, "ತಿನ್ನೋರ್ ಯಾರು?" ಎಂದು ಕೇಳುತ್ತಿದ್ದಳು. ಆಮೇಲೆಯೇ ಡಬ್ಬಿ ತೆಗೆದು ಅಂಗೈಗೆ ಚಿಟಿಕೆ ಪುಡಿ ಹಾಕುತ್ತಿದ್ದಳು.

"ನಮ್ಮತ್ತೆ," ಎಂದಳು ಪಾವಗಡದವರಲ್ಲಿ ಒಬ್ಬಳು.

"ಅಂಗಾರೆ ಖಾರ ಜಾಸ್ತೀನೇ ಇರ್ಲೇನಮ್ಮ?"

ಎಲ್ಲರೂ ನಕ್ಕೆವು.

ನನ್ನ ಸರದಿ ಬಂತು. ಜ್ವರ ಬಿಟ್ಟರೂ ನನ್ನ ಹೆಂಡತಿ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಹಾಗೆಂದು ಹೇಳಿ, ರುಚಿ ನೋಡಲು ಅಂಗೈ ಚಾಚಿದೆ.

"ನಿಮ್ ನಾಲ್ಗೆ ಬುಡಿ ಸಾರ್. ಅಮ್ಮಾರ ಬಾಯ್ಗೆ ಏನ್ ಬೇಕಂತೆ? ಫೋನ್ ಮಾಡಿ ಕೇಳಿ."

ಕೇಳಿದೆ. "ಹುಳಿಯಾಗಿ ಏನಾದ್ರೂ ತನ್ನಿ," ಎಂದಳು ಹೆಂಡತಿ.

ಕಟ್ಟಿಟ್ಟಿದ್ದ ಪೊಟ್ಟಣಗಳನ್ನು ಆಕೆ ಮುಟ್ಟಲೇ ಇಲ್ಲ. ಹುಚ್ಚೆಳ್ಳು ಪುಡಿಗೆ ಹುಣಸೆಹಣ್ಣು ಹೆಚ್ಚಿಗೆ ಹಾಕಿ, ಅಲ್ಲೇ ಕುಟ್ಟಿ ಕೊಟ್ಟಳು.

ಮಧ್ಯಾಹ್ನ ನನ್ನ ಹೆಂಡತಿ ಬಿಸಿ ಅನ್ನಕ್ಕೆ ಅದನ್ನು ಕಲಸಿಕೊಂಡು ಪೂರ್ತಿ ಉಂಡಳು. ಆ ತಟ್ಟೆಯನ್ನು ನಾನೇ ತೊಳೆದು, ಒರೆಸಿ, ಅದರ ಜಾಗಕ್ಕಿಟ್ಟೆ.